ಹಳೆ ಹಾರ್ಡ್‌ಡಿಸ್ಕ್ ತೆರೆದರೆ 'ಪರ್ಮಿಶನ್ ಇಲ್ಲ' ಅಂತ ಬರುತ್ತಾ? ಮೊದಲು ಇದನ್ನ ಮಾಡಿ

ನಮಸ್ಕಾರ. ಏಪ್ರಿಲ್, ಮೇ ತಿಂಗಳ ಗುಡುಗು-ಸಿಡಿಲಿನ ಮಳೆ ಬಂತು ಅಂದ್ರೆ ಶಿವಮೊಗ್ಗದ ರಿಪೇರಿ ಅಂಗಡಿಗಳಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಸುಟ್ಟ ಕಂಪ್ಯೂಟರ್‌ಗಳು ಬರೋಕೆ ಶುರು. ಒಳಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಹೋಗಿರುತ್ತೆ, ಮದರ್‌ಬೋರ್ಡ್ ಹೋಗಿರುತ್ತೆ, ಹಾರ್ಡ್‌ಡಿಸ್ಕ್ ಮಾತ್ರ ಎಷ್ಟೋ ಸಲ ಉಳಿದಿರುತ್ತೆ. ಅದನ್ನ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ಡ್ರೈವ್ ಕಾಣುತ್ತೆ, ಫೋಲ್ಡರ್ ಕಾಣುತ್ತೆ. ಒಳಗಿರೋ ಅಡಿಕೆ ಮಂಡಿ ಲೆಕ್ಕ, ಮದುವೆ ಫೋಟೋ, ಪಹಣಿ ಪಿಡಿಎಫ್ ತೆರೆಯೋಕೆ ಹೋದರೆ ಮಾತ್ರ 'ನಿಮಗೆ ಈ ಫೋಲ್ಡರ್ ತೆರೆಯೋ ಪರ್ಮಿಶನ್ ಇಲ್ಲ' ಅನ್ನೋ ಅರ್ಥದ ಇಂಗ್ಲಿಷ್ ಮೆಸೇಜ್, ಕೆಳಗೆ ಕಂಟಿನ್ಯೂ ಬಟನ್.

ಅದನ್ನ ಒತ್ತೋ ಮೊದಲು ಸ್ವಲ್ಪ ನಿಲ್ಲಿ.

ವಿಂಡೋಸ್ ನಿಮ್ಮನ್ನ ಹೆಸರಿನಿಂದ ಗುರುತಿಸಲ್ಲ. ಪ್ರತಿ ಅಕೌಂಟ್‌ಗೂ ಎಸ್‌ಐಡಿ ಅಂತ ಒಂದು ನಂಬರ್ ಇರುತ್ತೆ, ಎಸ್-1-5-21 ಅಂತ ಶುರುವಾಗೋ ಉದ್ದದ ನಂಬರ್. ಹಳೆ ಕಂಪ್ಯೂಟರ್‌ನಲ್ಲಿ ರಮೇಶ, ಹೊಸದರಲ್ಲೂ ರಮೇಶ. ಆದರೆ ಪಹಣಿಯಲ್ಲಿ ಹೆಸರು ಒಂದೇ ಇದ್ದು ಸರ್ವೆ ನಂಬರ್ ಬೇರೆ ಇದ್ದ ಹಾಗೆ, ಇಬ್ಬರೂ ಒಂದೇ ಅಲ್ಲ. ವಿಂಡೋಸ್ ಹಾರ್ಡ್‌ಡಿಸ್ಕ್‌ನಲ್ಲಿ ಫೈಲ್ ಜೋಡಿಸಿಡೋ ರೀತಿಗೆ ಎನ್‌ಟಿಎಫ್‌ಎಸ್ ಅಂತಾರೆ. ಅದರಲ್ಲಿ ಪ್ರತಿ ಫೋಲ್ಡರ್ ಜೊತೆಗೂ ಯಾರು ತೆರೆಯಬಹುದು ಅಂತ ಹೇಳೋ ಈ ನಂಬರ್‌ಗಳ ಪಟ್ಟಿ ಇರುತ್ತೆ. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅದರಲ್ಲಿ ಈ ಪಟ್ಟಿಯೇ ಇಲ್ಲ, ಹಾಗಾಗಿ ಅಲ್ಲಿ ಈ ತಕರಾರು ಬರಲ್ಲ.

'ನಾನು ಅಡ್ಮಿನ್ ಅಕೌಂಟ್‌ನಲ್ಲೇ ಇದ್ದೀನಲ್ಲ' ಅಂತ ಕೇಳ್ತೀರಿ. ವಿಂಡೋಸ್ ವಿಸ್ಟಾದಿಂದ ಈಚೆಗೆ, ಅಂದ್ರೆ 2007ರಿಂದ, ಅಡ್ಮಿನ್ ಆಗಿ ಲಾಗಿನ್ ಆದರೂ ಪ್ರೋಗ್ರಾಂಗಳು ಓಡೋದು ಸಾಮಾನ್ಯ ಯೂಸರ್ ಅಧಿಕಾರದಲ್ಲೇ. ಅನುಮತಿ ಕೇಳೋಕೆ ಬರೋ ಯುಎಸಿ ಕಿಟಕಿಯಲ್ಲಿ ಯೆಸ್ ಒತ್ತಿದ ಪ್ರೋಗ್ರಾಂಗೆ ಮಾತ್ರ ಪೂರ್ತಿ ಅಧಿಕಾರ ಸಿಗುತ್ತೆ. ನೀವು ಫೋಲ್ಡರ್ ತೆರೀತಿರೋ ಎಕ್ಸ್‌ಪ್ಲೋರರ್‌ಗೆ ಆ ಅಧಿಕಾರ ಇಲ್ಲ.

ನಮಗೆ ದಾರಿ ಸಿಗೋದು ಇಲ್ಲೇ. ಹಳೆ ಡಿಸ್ಕ್‌ನ ಯೂಸರ್ ಫೋಲ್ಡರ್‌ಗೆ ಅಡ್ಮಿನಿಸ್ಟ್ರೇಟರ್ಸ್ ಗುಂಪಿಗೂ ಪೂರ್ತಿ ಹಕ್ಕು ಕೊಟ್ಟಿರುತ್ತೆ. ಆ ಗುಂಪಿನ ನಂಬರ್ ಎಲ್ಲ ವಿಂಡೋಸ್‌ನಲ್ಲೂ ಒಂದೇ, ಎಸ್-1-5-32-544. ಅಂದ್ರೆ ಪೂರ್ತಿ ಅಧಿಕಾರದಲ್ಲಿ ಓಡೋ ಒಂದು ಕಾಪಿ ಪ್ರೋಗ್ರಾಂ ಸಿಕ್ಕರೆ ಸಾಕು, ಪರ್ಮಿಶನ್ ಬದಲಾಯಿಸೋ ಅಗತ್ಯವೇ ಬರಲ್ಲ. ಕಂಟಿನ್ಯೂ ಒತ್ತಿದರೆ ಏನಾಗುತ್ತೆ ಅಂದ್ರೆ, ಎಕ್ಸ್‌ಪ್ಲೋರರ್ ಒಳಗಿರೋ ಪ್ರತಿ ಫೈಲಿನ ಪಟ್ಟಿಗೂ ನಿಮ್ಮ ನಂಬರ್ ಸೇರಿಸುತ್ತಾ ಹೋಗುತ್ತೆ. ಸಿಡಿಲಿನ ಪೆಟ್ಟು ತಿಂದು ಉಳಿದ ಡಿಸ್ಕ್ ಮೇಲೆ ಸಾವಿರಾರು ಸಲ ಬರೆಯೋ ಕೆಲಸ ಅದು. ಅಂಥ ಡಿಸ್ಕ್‌ನಿಂದ ಓದಬೇಕೇ ಹೊರತು ಅದರ ಮೇಲೆ ಬರೀಬಾರದು.

ಡಿಸ್ಕ್ ಜೋಡಿಸೋದು ಹೀಗೆ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕ್‌ಗೆ ಸಾಟಾ-ಯುಎಸ್‌ಬಿ ಕೇಬಲ್ ಸಾಕು, ಯುಎಸ್‌ಬಿಯ 5 ವೋಲ್ಟ್‌ನಲ್ಲೇ ಓಡುತ್ತೆ. ಡೆಸ್ಕ್‌ಟಾಪಿನ ಮೂರೂವರೆ ಇಂಚಿನದಕ್ಕೆ 12 ವೋಲ್ಟ್ ಬೇಕು, ಹಾಗಾಗಿ ಅಡಾಪ್ಟರ್ ಇರೋ ಕೇಬಲ್ಲನ್ನೇ ತಗೊಳ್ಳಿ. ಕರೆಂಟ್ ಹೋಗಿ ಬಂದು ಮಾಡೋ ಊರಾದರೆ ಆ ಅಡಾಪ್ಟರನ್ನೂ ಯುಪಿಎಸ್‌ಗೇ ಹಾಕಿ. ಡಿಸ್ಕ್ ಹಾಕಿದ ಕೂಡಲೇ 'ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳಿದರೆ ಕ್ಯಾನ್ಸಲ್ ಒತ್ತಿ. ಅದು ಪರ್ಮಿಶನ್ ಸಮಸ್ಯೆ ಅಲ್ಲವೇ ಅಲ್ಲ.

ಈಗ ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಅಂತ ಟೈಪ್ ಮಾಡಿ, ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್, ರನ್ ಆಸ್ ಅಡ್ಮಿನಿಸ್ಟ್ರೇಟರ್. ಕಮಾಂಡ್ ಪೂರ್ತಿ ಸ್ಕ್ರೀನ್ ಮೇಲಿದೆ, ನೋಡಿಕೊಂಡು ಟೈಪ್ ಮಾಡಿ. ಮೊದಲು ರೋಬೋಕಾಪಿ, ವಿಂಡೋಸ್ ಜೊತೆಗೇ ಬರೋ ಕಾಪಿ ಪ್ರೋಗ್ರಾಂ: ಆರ್-ಒ-ಬಿ-ಒ-ಸಿ-ಒ-ಪಿ-ವೈ. ಆಮೇಲೆ ಹಳೆ ಯೂಸರ್ ಫೋಲ್ಡರಿನ ವಿಳಾಸ, ಆಮೇಲೆ ಕಾಪಿ ಹೋಗಬೇಕಾದ ಹೊಸ ಫೋಲ್ಡರಿನ ವಿಳಾಸ, ಎರಡೂ ಡಬಲ್ ಕೋಟ್ಸ್ ಒಳಗೆ. ಕೊನೆಗೆ ಐದು ಸ್ವಿಚ್, ಅಂದ್ರೆ ಹೇಗೆ ಕಾಪಿ ಮಾಡಬೇಕು ಅಂತ ಹೇಳೋ ಗುರುತುಗಳು.

ಸ್ಲ್ಯಾಶ್ ಇ ಅಂದ್ರೆ ಒಳಗಿನ ಎಲ್ಲ ಫೋಲ್ಡರ್, ಖಾಲಿ ಇದ್ದದ್ದೂ ಸೇರಿ. ಸ್ಲ್ಯಾಶ್ ಬಿ ಬ್ಯಾಕಪ್ ಮೋಡ್. ಅಡ್ಮಿನ್‌ಗೆ ಇರೋ ಬ್ಯಾಕಪ್ ಹಕ್ಕು ಬಳಸಿ, ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಫೈಲ್ ಓದುತ್ತೆ. ಸ್ಲ್ಯಾಶ್ ಎಕ್ಸ್‌ಜೆ ಬಿಡಲೇಬೇಡಿ. ಯೂಸರ್ ಫೋಲ್ಡರಿನಲ್ಲಿ 'ಅಪ್ಲಿಕೇಶನ್ ಡೇಟಾ', 'ಮೈ ಮ್ಯೂಸಿಕ್' ಅನ್ನೋ ಮರೆಯಾದ ಹೆಸರುಗಳಿರುತ್ತವೆ. ಅವು ಫೋಲ್ಡರ್ ಅಲ್ಲ, ಹಳೆ ಪ್ರೋಗ್ರಾಂಗಳಿಗಾಗಿ ಇಟ್ಟ ದಾರಿಸೂಚಕಗಳು. ಎಕ್ಸ್‌ಜೆ ಅವನ್ನ ಬಿಟ್ಟು ಮುಂದೆ ಹೋಗುತ್ತೆ. ಕ್ಲಿಕ್ ಮಾಡಿದರೆ 'ಆಕ್ಸೆಸ್ ಡಿನೈಡ್' ಬರೋ ಹಾಗೆ ಮೈಕ್ರೋಸಾಫ್ಟೇ ಇಟ್ಟಿದೆ. ಅದರೊಳಗೆ ನಿಮ್ಮದೇನೂ ಇಲ್ಲ, ಅದನ್ನ ತೆರೆಯೋಕೆ ಹೋಗಿ ಅರ್ಧ ದಿನ ಕಳೀಬೇಡಿ.

ಉಳಿದ ಎರಡು, ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯು ಕೋಲನ್ 1. ಒಂದು ಫೈಲ್ ಓದೋಕೆ ಆಗದಿದ್ದರೆ ಒಂದೇ ಸಲ ಮತ್ತೆ ಪ್ರಯತ್ನ, ಅದಕ್ಕೂ ಮೊದಲು ಒಂದು ಸೆಕೆಂಡ್ ಕಾಯೋದು. ಇದನ್ನ ಹಾಕದಿದ್ದರೆ ರೋಬೋಕಾಪಿ 30 ಸೆಕೆಂಡಿಗೊಂದು ಸಲದಂತೆ 10 ಲಕ್ಷ ಸಲ ಪ್ರಯತ್ನ ಮಾಡುತ್ತೆ. ಅಂದ್ರೆ ಹಾಳಾದ ಒಂದೇ ಫೈಲಿಗೆ ಸುಮಾರು 347 ದಿನ.

ಮೊದಲ ಸಲ ಕೊನೆಯಲ್ಲಿ ಸ್ಲ್ಯಾಶ್ ಎಲ್ ಕೂಡ ಸೇರಿಸಿ. ಆಗ ಏನೂ ಕಾಪಿ ಆಗಲ್ಲ, ಪಟ್ಟಿ ಮಾತ್ರ ತೋರಿಸುತ್ತೆ. ವಿಳಾಸ ಸರಿ ಇದೆ ಅಂತ ಖಾತ್ರಿ ಆದಮೇಲೆ ಎಲ್ ತೆಗೆದು ಓಡಿಸಿ. ಮುಗಿದಾಗ ಕೊನೆಯ ಕೋಷ್ಟಕದಲ್ಲಿ 'ಫೇಲ್ಡ್' ಕಾಲಂ ನೋಡಿ. ಸೊನ್ನೆ ಇದ್ದರೆ ಎಲ್ಲ ಬಂತು. ರೋಬೋಕಾಪಿ ತಾನಾಗಿ ಹಳೆ ಪರ್ಮಿಶನ್ ಪಟ್ಟಿಯನ್ನ ತರಲ್ಲ, ಹಾಗಾಗಿ ಕಾಪಿ ಆದ ಫೈಲ್‌ಗಳಿಗೆ ಹೊಸ ಜಾಗದ ಪರ್ಮಿಶನ್ನೇ ಬರುತ್ತೆ. ಮಧ್ಯೆ ಕರೆಂಟ್ ಹೋದರೂ ಚಿಂತೆ ಇಲ್ಲ, ಅದೇ ಕಮಾಂಡ್ ಮತ್ತೆ ಕೊಟ್ಟರೆ ಆಗಲೇ ಬಂದ ಫೈಲ್‌ಗಳನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ.

ಡಿಸ್ಕ್ ಚೆನ್ನಾಗಿದೆ, ಅದನ್ನೇ ದಿನಾ ಬಳಸಬೇಕು ಅಂದ್ರೆ ಆಗ ಒಡೆತನ ಬದಲಾಯಿಸಿ. ಕಮಾಂಡ್ ಟೇಕ್‌ಓನ್, ಸ್ಲ್ಯಾಶ್ ಎಫ್, ಫೋಲ್ಡರಿನ ವಿಳಾಸ, ಸ್ಲ್ಯಾಶ್ ಆರ್, ಸ್ಲ್ಯಾಶ್ ಡಿ, ವೈ. ಇದರಿಂದ ಒಡೆತನ ಮಾತ್ರ ಬರುತ್ತೆ. ಹಕ್ಕು ಬರೋಕೆ ಇನ್ನೊಂದು ಕಮಾಂಡ್: ಐ-ಸಿ-ಎ-ಸಿ-ಎಲ್-ಎಸ್, ಅದೇ ವಿಳಾಸ, ಸ್ಲ್ಯಾಶ್ ಗ್ರಾಂಟ್, ನಿಮ್ಮ ಯೂಸರ್ ಹೆಸರು, ಕೋಲನ್ ಎಫ್, ಸ್ಲ್ಯಾಶ್ ಟಿ, ಸ್ಲ್ಯಾಶ್ ಸಿ. ಇಲ್ಲಿ ತುಂಬಾ ಜನ ಒಂದೇ ಕಡೆ ಎಡವುತ್ತಾರೆ. ನೀವು ಸ್ಟ್ಯಾಂಡರ್ಡ್, ಅಂದ್ರೆ ಅಡ್ಮಿನ್ ಅಲ್ಲದ ಅಕೌಂಟ್‌ನಲ್ಲಿದ್ದು, ಯುಎಸಿ ಕೇಳಿದಾಗ ಬೇರೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟಿದ್ದರೆ, ಆ ಕಪ್ಪು ಕಿಟಕಿ ಓಡ್ತಿರೋದು ಆ ಅಡ್ಮಿನ್ ಹೆಸರಲ್ಲಿ. ಒಡೆತನವೂ ಅವರಿಗೇ ಹೋಗುತ್ತೆ. ಅದಕ್ಕೇ ಮೊದಲು ಸಾಮಾನ್ಯ ಕಿಟಕಿಯಲ್ಲಿ ಹೂಆಮ್‌ಐ ಕಮಾಂಡ್ ಕೊಟ್ಟು ನಿಮ್ಮ ನಿಜವಾದ ಯೂಸರ್ ಹೆಸರು ಬರೆದುಕೊಳ್ಳಿ, ಗ್ರಾಂಟ್ ಮುಂದೆ ಅದನ್ನೇ ಟೈಪ್ ಮಾಡಿ.

ಇದನ್ನ ಸಿ ಡ್ರೈವ್ ಪೂರ್ತಿಗೆ, ವಿಂಡೋಸ್ ಫೋಲ್ಡರ್‌ಗೆ, ಪ್ರೋಗ್ರಾಂ ಫೈಲ್ಸ್‌ಗೆ ಖಂಡಿತ ಮಾಡಬೇಡಿ. ಅಲ್ಲಿನ ಸಿಸ್ಟಂ ಫೈಲ್‌ಗಳ ಒಡೆಯ ಟ್ರಸ್ಟೆಡ್‌ಇನ್‌ಸ್ಟಾಲರ್ ಅನ್ನೋ ವಿಂಡೋಸ್‌ನದೇ ಒಳಗಿನ ಅಕೌಂಟ್. ಅದನ್ನ ಕಿತ್ತುಕೊಂಡರೆ ಅಪ್‌ಡೇಟ್ ಕೆಡುತ್ತೆ, ವೈರಸ್‌ಗೆ ದಾರಿ ಸಲೀಸಾಗುತ್ತೆ, ಮೊದಲಿನ ಹಾಗೆ ಮಾಡೋದು ಬಹಳ ಕಷ್ಟ.

ಇಷ್ಟೆಲ್ಲ ಮಾಡಿಯೂ ತೆರೆಯದಿದ್ದರೆ ಅದು ಎನ್‌ಕ್ರಿಪ್ಟ್ ಆಗಿದೆಯಾ, ಅಂದ್ರೆ ಕೀ ಇಲ್ಲದೆ ಓದೋಕೆ ಬಾರದ ಹಾಗೆ ಬೀಗ ಬಿದ್ದಿದೆಯಾ ನೋಡಿ. ಡ್ರೈವ್ ಚಿತ್ರದ ಮೇಲೇ ಬೀಗ ಇದ್ದರೆ ಅದು ಬಿಟ್‌ಲಾಕರ್, ಪೂರ್ತಿ ಡ್ರೈವ್‌ಗೆ ವಿಂಡೋಸ್ ಹಾಕೋ ಬೀಗ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದಾಗ ಅದು ತಾನಾಗೇ ಶುರುವಾಗಿರುತ್ತೆ. 48 ಅಂಕಿಯ ರಿಕವರಿ ಕೀ ಇಲ್ಲದೆ ಯಾವ ಕಮಾಂಡೂ ನಡೆಯಲ್ಲ. ಆ ಕೀ ಸಾಮಾನ್ಯವಾಗಿ ಅದೇ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಸೇವ್ ಆಗಿರುತ್ತೆ. ಕಂಪ್ಯೂಟರ್ ಚೆನ್ನಾಗಿರುವಾಗಲೇ ನೋಡಿ ಒಂದು ಹಾಳೆಯಲ್ಲಿ ಬರೆದಿಡಿ.

ಇನ್ನು ಪರ್ಮಿಶನ್ ತೊಂದರೆ ತರಾನೇ ಕಾಣೋ ಎರಡು ವಿಷಯ. ಡಾಕ್ಯುಮೆಂಟ್ಸ್‌ನಲ್ಲಿ ಒಂದೇ ಪ್ರೋಗ್ರಾಂಗೆ ಮಾತ್ರ ಫೈಲ್ ಸೇವ್ ಆಗ್ತಿಲ್ಲ ಅಂದ್ರೆ ವಿಂಡೋಸ್ ಸೆಕ್ಯುರಿಟಿಯ ರಾನ್ಸಮ್‌ವೇರ್ ಪ್ರೊಟೆಕ್ಷನ್‌ನಲ್ಲಿ 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಆನ್ ಇದೆಯಾ ನೋಡಿ. ಪೂರ್ತಿ ಆಫ್ ಮಾಡೋದು ಬೇಡ, ಆ ಪ್ರೋಗ್ರಾಂಗೆ ಮಾತ್ರ ಅನುಮತಿ ಕೊಡಿ. ಎರಡನೇದು ಕನ್ನಡ ಟೈಪಿಂಗ್. ನುಡಿ, ಬರಹದಂಥ ಸಾಫ್ಟ್‌ವೇರ್ ಎಲ್ಲ ಕಡೆ ಕೆಲಸ ಮಾಡಿ ಒಂದು ಪ್ರೋಗ್ರಾಂನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರವೇ ಬರ್ತಿದ್ದರೆ, ಆ ಪ್ರೋಗ್ರಾಂ ಅಡ್ಮಿನ್ ಆಗಿ ಓಡ್ತಿದೆಯಾ ನೋಡಿ. ಕಡಿಮೆ ಅಧಿಕಾರದ ಪ್ರೋಗ್ರಾಂಗೆ ಹೆಚ್ಚು ಅಧಿಕಾರದ ಕಿಟಕಿಯ ಕೀಲಿಗಳನ್ನ ಮುಟ್ಟೋಕೆ ವಿಂಡೋಸ್ ಬಿಡಲ್ಲ. ಅದರ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಅಡ್ಮಿನ್ ಟಿಕ್ ತೆಗೆಯಿರಿ.

ಕೊನೆಯದು, ಅಂಗಡಿಯವರು ಹಾಕಿಕೊಟ್ಟ ಅಕೌಂಟ್. ಮಕ್ಕಳಿಗೆ, ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಅಕೌಂಟ್, ಪಾಸ್‌ವರ್ಡ್ ಇರೋ ಅಡ್ಮಿನ್ ಒಂದು ಬೇರೆ. ಮನೆಗೆ ಈ ವ್ಯವಸ್ಥೆಯೇ ಸರಿ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್, ಚೇಂಜ್ ಅಕೌಂಟ್ ಟೈಪ್. ಆದರೆ ನಿಮ್ಮ ಅಕೌಂಟನ್ನ ಸ್ಟ್ಯಾಂಡರ್ಡ್ ಮಾಡೋ ಮೊದಲು ಆ ಇನ್ನೊಂದು ಅಡ್ಮಿನ್‌ಗೆ ಒಮ್ಮೆ ಲಾಗಿನ್ ಆಗಿ, ಪಾಸ್‌ವರ್ಡ್ ಸರಿ ಇದೆಯಾ ನೋಡಿ. ಇರೋ ಒಬ್ಬ ಅಡ್ಮಿನ್ನೂ ಹೋದರೆ ಯುಎಸಿ ಕಿಟಕಿಯಲ್ಲಿ ಯೆಸ್ ಬಟನ್ ಮಂಕಾಗಿ ಒತ್ತೋಕೇ ಬರಲ್ಲ. ಆಮೇಲೆ ಅದನ್ನ ಸರಿ ಮಾಡೋದು ಸುಲಭ ಅಲ್ಲ.