ಓಡುವ ಕೋಳಿ, ನಿಂತ ಕೋಳಿ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಯಲ್ಲಿ ಬೆಳಿಗ್ಗೆ ಅಡ್ಡಾಡುವವರಿಗೆ ಈ ಹಕ್ಕಿಯ ಗುರುತು ಇದ್ದೇ ಇರುತ್ತದೆ. ಮನೆಕೋಳಿಯಷ್ಟು ಗಾತ್ರ. ಮೈ ನೀಲಿ-ನೇರಳೆ, ಕೊಕ್ಕು ಕೆಂಪು, ಹಣೆಗೂ ಕುಂಕುಮ ಮೆತ್ತಿದ ಹಾಗೆ ಕೆಂಪು. ಮೋಟು ಬಾಲ ಎತ್ತಿ ಎತ್ತಿ ಕೆಳಗಿನ ಬಿಳಿ ತೋರಿಸುತ್ತಾ ನಡೆಯುತ್ತದೆ. ಅದೇ ನೇರಳೆ ಜಂಬುಕೋಳಿ.

ಅದು ತಿನ್ನುವುದನ್ನು ಒಮ್ಮೆ ನಿಂತು ನೋಡಿ. ಜೊಂಡಿನ ದಂಟು ಕಿತ್ತು, ಒಂದು ಕಾಲಲ್ಲಿ ಹಿಡಿದು, ನಾವು ಕಬ್ಬು ಸಿಗಿದ ಹಾಗೆ ಸಿಗಿದು ಒಳಗಿನ ತಿರುಳು ತಿನ್ನುತ್ತದೆ. ಬೆರಳು ಎಷ್ಟು ಉದ್ದ ಅಂದರೆ, ತೇಲುವ ಅಂತರಗಂಗೆಯ ಮೇಲೂ ಆರಾಮಾಗಿ ಅಡ್ಡಾಡುತ್ತದೆ.

ಇದರ ಸಂಬಂಧಿಯೊಂದು ಲಾರ್ಡ್ ಹೋವ್ ದ್ವೀಪದಲ್ಲಿತ್ತು. ಆಸ್ಟ್ರೇಲಿಯಾದಿಂದ ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ಕಡಲು ದಾಟಬೇಕು. 1788ರಲ್ಲಿ ಬ್ರಿಟಿಷ್ ಹಡಗಿನವರ ಕಣ್ಣಿಗೆ ಬೀಳುವವರೆಗೆ ಅಲ್ಲಿ ಜನವಸತಿ ಇರಲಿಲ್ಲ. ನಾಯಿ, ಬೆಕ್ಕು, ಇಲಿ ಒಂದೂ ಇಲ್ಲ. ಇನ್ನು ಯಾರಿಗೆ ಹೆದರಬೇಕು? ಕಾಲು ಗಿಡ್ಡ, ದಪ್ಪ. ಬೆರಳೂ ಮೊಂಡು. ಹಾರಲು ಬರುತ್ತಿತ್ತೇನೋ, ಆದರೆ ಚೆನ್ನಾಗಿ ಹಾರುತ್ತಿರಲಿಲ್ಲ ಎಂದೇ ತಜ್ಞರ ಅಂದಾಜು. ತಿಂಗಳುಗಟ್ಟಲೆ ಉಪ್ಪು ಮಾಂಸ ತಿಂದು ಬೇಸತ್ತ ನಾವಿಕರು ಬಡಿಗೆ ಹಿಡಿದು ಬಂದರೆ, ಪಾಪ, ಅದು ಸುಮ್ನೆ ನಿಂತಿರುತ್ತಿತ್ತು. 1834ರಲ್ಲಿ ಜನ ಅಲ್ಲಿ ನೆಲೆ ನಿಲ್ಲುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಐವತ್ತು ವರ್ಷವೂ ಹಿಡಿಯಲಿಲ್ಲ.

ಇವತ್ತು ಮ್ಯೂಸಿಯಂಗಳಲ್ಲಿ ಅದರ ಗರಿ ಸಮೇತದ ಎರಡೇ ಎರಡು ಚರ್ಮಗಳಿವೆ. ಒಂದು ವಿಯೆನ್ನಾದಲ್ಲಿ, ಇನ್ನೊಂದು ಲಿವರ್‌ಪೂಲಿನಲ್ಲಿ. ಎರಡೂ ಹೆಚ್ಚುಕಡಿಮೆ ಬಿಳಿ. ಆದರೆ ಆ ಕಾಲದ ಚಿತ್ರಗಳಲ್ಲಿ ನೀಲಿ ಹಕ್ಕಿಯೂ ಇದೆ, ನೀಲಿ-ಬಿಳಿ ಬೆರಕೆಯದೂ ಇದೆ. ಮರಿ ಕಪ್ಪು, ಬೆಳೆದಂತೆ ನೀಲಿ-ಬೂದು, ಆಮೇಲೆ ಬಿಳಿ ಎಂದು ಆಗಿನ ಟಿಪ್ಪಣಿಯೊಂದು ಹೇಳುತ್ತದೆ. ನಮ್ಮ ತಲೆ ನೆರೆತ ಹಾಗೆ ಅಲ್ವಾ! ನನಗಂತೂ ಈ ಮಾತು ಸರಿ ಅನ್ನಿಸುತ್ತದೆ.

ನಮ್ಮ ಜಂಬುಕೋಳಿಯೇನು ಭಾರಿ ಹಾರಾಟಗಾರ ಅಲ್ಲ. ಹೋದ ವಾರ ಕೆರೆಯ ಬದಿಗೆ ಒಂದು ಬೀದಿನಾಯಿ ನೀರು ಕುಡಿಯಲು ಇಳಿಯಿತು. ಹಕ್ಕಿ ಮೊದಲು ತಿನ್ನೋದು ಬಿಟ್ಟು ಕತ್ತು ಎತ್ತಿತು. ಆಮೇಲೆ ಓಡಿತು. ನಾಯಿ ಇನ್ನೂ ಹತ್ತಿರ ಬಂದಾಗಲೇ ರೆಕ್ಕೆ ಬಡಿದದ್ದು. ಕೆಂಪು ಕಾಲು ಕೆಳಗೆ ಜೋತಾಡಿಸಿಕೊಂಡು ಹತ್ತು ಮಾರು ಹಾರಿ, ದೊಪ್ ಅಂತ ಜೊಂಡಿನಲ್ಲಿ ಬಿತ್ತು. ಅರ್ಧ ತಿಂದ ದಂಟು ನೀರಿನ ಮೇಲೆ ತೇಲುತ್ತಿತ್ತು.