ಹೇಳುವವನನ್ನು ಎಷ್ಟು ನಂಬಬೇಕು?

ಕೇಳುಗರೇ, ನಮಸ್ಕಾರ. ಕಾದಂಬರಿಯಲ್ಲಿ ಕಥೆ ಹೇಳುವ ‘ನಾನು’ವಿನ ಮೇಲೆ ಅನುಮಾನ ಬಂದರೆ, ಅವನು ಎಲ್ಲಿ ಸುಳ್ಳಾಡಿದ ಎಂದು ಹುಡುಕುತ್ತೇವೆ. ಆಫ್ರಿಕದ ಭಾಷೆಗಳಲ್ಲಿ ಬರೆದ ಕೆಲವು ದೊಡ್ಡ ಕಾದಂಬರಿಗಳಿಗೆ ಅಷ್ಟೇ ಸಾಲದು. ಮಾತು ಯಾರ ಬಾಯಿಂದ ಯಾರ ಕೈಗೆ ಬಂತು, ಎದುರಿಗೆ ಯಾರು ಕೂತಿದ್ದರು ಎಂದು ಮೊದಲು ಕೇಳಬೇಕು.

ನೈಜೀರಿಯದ ಡಿ. ಓ. ಫಾಗುನ್ವಾ 1938ರಲ್ಲಿ ಯೊರುಬಾ ಭಾಷೆಯಲ್ಲಿ ಪ್ರಕಟಿಸಿದ, ವೋಲೆ ಸೋಯಿಂಕಾ 1968ರಲ್ಲಿ ‘ದ ಫಾರೆಸ್ಟ್ ಆಫ್ ಎ ಥೌಸಂಡ್ ಡೀಮನ್ಸ್’ ಎಂದು ಇಂಗ್ಲಿಷಿಗೆ ತಂದ ಕಾದಂಬರಿಯನ್ನೇ ನೋಡಿ. ಬೇಟೆಗಾರ ಅಕಾರಾ-ಓಗುನ್ ಬರೆಯುವವನೊಬ್ಬನ ಬಳಿ ಬಂದು, ಕಾಗದ ಲೇಖನಿ ತಗೋ, ನನ್ನ ಕಥೆ ಬರೆ ಎನ್ನುತ್ತಾನೆ. ಅಲ್ಲಿಗೆ ‘ನಾನು’ ಇಬ್ಬರಾದರು. ಕಾಡಿನಲ್ಲಿ ನಡೆದದ್ದಕ್ಕೆ ಬೇಟೆಗಾರನ ಬಾಯಿಮಾತೇ ಆಧಾರ. ದಿನ ಕಳೆದಂತೆ ಕೇಳಲು ಜನ ನೆರೆಯುತ್ತಾರೆ. ಜನ ಹೆಚ್ಚಿದಂತೆ ಸಾಹಸವೂ ಹಿಗ್ಗಿತೇ ಎಂದು ಪುಟ ತಿರುಗಿಸಿ ನೋಡಿ. ದೆವ್ವ ಕಾಣಿಸಿದ ಕೂಡಲೇ ‘ಸುಳ್ಳು’ ಎಂದು ಗುರುತು ಹಾಕುವ ಓದುಗರು ಇಲ್ಲೇ ಎಡವುವುದು. ಆ ಲೋಕದಲ್ಲಿ ದೆವ್ವಗಳು ಇದ್ದೇ ಇವೆ. ಬೇಟೆಗಾರ ತನ್ನ ಧೈರ್ಯದ ಬಗ್ಗೆ ಆಡುವ ಮಾತನ್ನು ಅನುಮಾನಿಸಬೇಕು.

ಕೀನ್ಯಾದ ಗೂಗಿ ವಾ ಥಿಯೊಂಗೊ ಜೈಲಿನಲ್ಲಿ ಟಾಯ್ಲೆಟ್ ಕಾಗದದ ಮೇಲೆ ಗಿಕುಯು ಭಾಷೆಯಲ್ಲಿ ಬರೆದ ಕಾದಂಬರಿ (ಇಂಗ್ಲಿಷಿನಲ್ಲಿ ‘ಡೆವಿಲ್ ಆನ್ ದ ಕ್ರಾಸ್’) 1980ರಲ್ಲಿ ಬಂತು. ಅದರ ಕಥೆಗಾರ, ಕಥಾನಾಯಕಿ ವಾರಿಂಗಾಳ ತಾಯಿ ಬೇಡಿಕೊಂಡಳೆಂದೇ ಬಾಯಿಬಿಡುತ್ತಾನೆ. ಆ ತಾಯಿಗಾಗಿ ಹೇಳುವವನು ಮಗಳ ವಿಷಯದಲ್ಲಿ ತಟಸ್ಥನಾಗಿರುತ್ತಾನೆ ಎಂದುಕೊಳ್ಳಬೇಡಿ.

ನನ್ನ ಮಟ್ಟಿಗೆ ಈ ಬಗೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಸೆನೆಗಲ್‌ನ ಬೂಬಕರ್ ಬೋರಿಸ್ ಜೋಪ್ 2003ರಲ್ಲಿ ವೊಲೊಫ್ ಭಾಷೆಯಲ್ಲಿ ಪ್ರಕಟಿಸಿದ ‘ದೋಮಿ ಗೋಲೊ’. ಡಾಕರ್‌ನ ಮುದುಕ ನ್ಗಿರಾನ್ ಫಾಯ್, ದೇಶ ಬಿಟ್ಟುಹೋದ ಮೊಮ್ಮಗ ಬಾದುವಿಗೆಂದು ನೋಟ್‌ಬುಕ್‌ಗಳನ್ನು ತುಂಬಿಸುತ್ತಾನೆ. ಓದಬೇಕಾದವನು ಎಲ್ಲಿದ್ದಾನೋ, ಬರುತ್ತಾನೋ ಇಲ್ಲವೋ. ‘ಹಾಗಲ್ಲ ತಾತ’ ಎಂದು ತಿದ್ದುವವರೇ ಇಲ್ಲದೆ ಅವನ ಬರವಣಿಗೆ ನೆನಪಿನಿಂದ ಕಲ್ಪನೆಗೆ, ಕಲ್ಪನೆಯಿಂದ ನೀತಿಕಥೆಗೆ ಜಾರುತ್ತದೆ. ಒಂದು ನೋಟ್‌ಬುಕ್ಕಂತೂ ಬಾದುವಿಗಷ್ಟೇ ಮೀಸಲು, ನಮ್ಮ ಕೈಗೆ ಬರುವುದಿಲ್ಲ. ಹಾಗಾಗಿ ಮುದುಕ ಏನು ಮುಚ್ಚಿಟ್ಟ ಎಂಬುದನ್ನು ಉಳಿದವುಗಳಿಂದಲೇ ಊಹಿಸಬೇಕು: ಮಗನ ಸಾವು, ವಿದೇಶದಿಂದ ಬಂದ ಸೊಸೆ ಬರುವ ಪುಟಗಳಲ್ಲಿ ಅವನ ದನಿ ಎಲ್ಲಿ ಬಿಗಿಯಾಗುತ್ತದೆ, ಎಲ್ಲಿ ಸಿಟ್ಟಾಗುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದುಕೊಂಡು ಓದಿ.

ಮುದುಕ ತೀರಿಕೊಂಡ ಮೇಲೆ ಕಥೆಯನ್ನು ಕೈಗೆತ್ತಿಕೊಳ್ಳುವವನು ಅಲಿ ಕಾಬೋಯ್, ಜನ ಹುಚ್ಚನೆನ್ನುವವನು. ಅವನ ಮಾತನ್ನು ಬರೀ ಹುಚ್ಚೆಂದು ತಳ್ಳಿಹಾಕಿದರೆ ಕಾದಂಬರಿಯ ಕೊನೆಯ ಭಾಗವೇ ಕೈತಪ್ಪುತ್ತದೆ. ಮುದುಕನಿಗಿದ್ದ ಮರ್ಯಾದೆಯ ಹಂಗು ಅವನಿಗಿಲ್ಲ. ಅಲ್ಲಿಗೆ ಬಂದಮೇಲೆ ಹಿಂದೆ ಹೋಗಿ ನಿಮ್ಮ ಗೆರೆಗಳನ್ನು ಅವನ ಮಾತಿನ ಪಕ್ಕ ಇಟ್ಟು ನೋಡಿ. ಕೆಲವನ್ನು ಅಳಿಸಬೇಕಾಗುತ್ತದೆ, ಇನ್ನು ಕೆಲವನ್ನು ಗಾಢ ಮಾಡಬೇಕಾಗುತ್ತದೆ.