ಲೆನ್ಸ್ ಮುಂದೆ ಇನ್ನೊಂದು ಗಾಜು ಬೇಕಾ?

[ದೃಶ್ಯ: ಫೋರ್ಟ್, ಬೋರಾ ಬಜಾರಿನ ಕ್ಯಾಮೆರಾ ಅಂಗಡಿ ಸಾಲು]

ನಮಸ್ಕಾರ. ಮುಂಬಯಿಯಲ್ಲಿ ಹೊಸ ಲೆನ್ಸ್ ಕೊಂಡವರಿಗೆ ಈ ಪ್ರಶ್ನೆ ಗೊತ್ತಿರುತ್ತೆ. ಬಿಲ್ ಬರೆಯುತ್ತಾ ಅಂಗಡಿಯವರು ಕೇಳ್ತಾರೆ: “ಯುವಿ ಫಿಲ್ಟರ್ ಲಗಾ ದೂಂ ಸಾಬ್?” ನಾವೂ ತಲೆ ಆಡಿಸಿಬಿಡ್ತೀವಿ.

ಯುವಿ, ಅಂದ್ರೆ ಅತಿನೇರಳೆ ಕಿರಣ ತಡೆಯೋಕೆ ಲೆನ್ಸ್ ಮುಂದೆ ತಿರುಗಿಸಿ ಕೂರಿಸೋ ಗಾಜು ಅದು. ಫಿಲಂ ಕಾಲದಲ್ಲಿ ಅದಕ್ಕೆ ಕೆಲಸ ಇತ್ತು. ಅತಿನೇರಳೆ ಕಿರಣ ಫಿಲಂಗೆ ತಾಗಿ ದೂರದ ಬೆಟ್ಟ, ಕಡಲು ಎಲ್ಲ ನೀಲಿ ಮಬ್ಬಾಗಿ ಬರ್ತಿತ್ತು. ಈಗಿನ ಕ್ಯಾಮೆರಾಗಳಲ್ಲಿ ಫಿಲಂ ಬದಲು ಚಿತ್ರ ಹಿಡಿಯೋ ಸೆನ್ಸರ್ ಮುಂದೆಯೇ ಆ ಕಿರಣ ತಡೆಯೋ ಗಾಜು ಕೂತಿರುತ್ತೆ. ಹಾಗಾಗಿ ಈಗ ಯುವಿ ಫಿಲ್ಟರ್ ಅಂದ್ರೆ ಬರೀ ಕಾವಲಿನ ಗಾಜು.

[ದೃಶ್ಯ: ರಾತ್ರಿ, ನರಿಮನ್ ಪಾಯಿಂಟ್‌ನಿಂದ ಮರೀನ್ ಡ್ರೈವ್. ಫಿಲ್ಟರ್ ಹಾಕಿ ಒಂದು, ತೆಗೆದು ಒಂದು]

ಈ ಕಾವಲಿಗೆ ಬೆಲೆ ತೆರೋದು ಎಲ್ಲಿ ಅಂತ ನೋಡಿ. ಮೊದಲನೇ ಫೋಟೋದಲ್ಲಿ, ದೀಪದ ಸಾಲಿಗೆ ಎದುರು ಮೂಲೆಯಲ್ಲಿ, ಕತ್ತಲ ಆಕಾಶದಲ್ಲಿ ಹಸಿರು ಚುಕ್ಕಿಗಳು. ಅದೇ ಸಾಲು, ತಲೆಕೆಳಗಾಗಿ! ದೀಪದ ಬೆಳಕು ಸೆನ್ಸರ್‌ಗೆ ಬಡಿದು ವಾಪಸ್ ಹೊರಡುತ್ತೆ, ಫಿಲ್ಟರಿನ ಚಪ್ಪಟೆ ಗಾಜಿಗೆ ತಾಗಿ ಮತ್ತೆ ಒಳಗೆ ಬರುತ್ತೆ. ಪ್ರತಿಫಲನ ತಗ್ಗಿಸೋ ಲೇಪ, ಅಂದ್ರೆ ಕೋಟಿಂಗ್, ಇಲ್ಲದ ಗಾಜಾದರೆ ಒಂದೊಂದು ಮೈಯಿಂದಲೂ ಸುಮಾರು ಶೇಕಡಾ 4ರಷ್ಟು ಬೆಳಕು ಹೀಗೆ ಹಿಂದಿರುಗುತ್ತೆ. ಒಳ್ಳೆಯ ಮಲ್ಟಿ ಕೋಟಿಂಗ್ ಇದ್ದರೆ ಬಹಳ ಕಮ್ಮಿ, ಆದ್ರೂ ಸೊನ್ನೆ ಅಲ್ಲ. ಮಾಟುಂಗದಲ್ಲಿ ಯಕ್ಷಗಾನದ ಫೋಟೋ ತೆಗೆಯೋರು ಇದನ್ನ ನೋಡೇ ಇರ್ತೀರಿ: ವೇದಿಕೆಯ ದೀಪದ ಚುಕ್ಕಿ ಬಂದು ಕಿರೀಟದ ಪಕ್ಕದಲ್ಲೇ ಕೂರುತ್ತೆ. ಅಲ್ಲಿ ಫಿಲ್ಟರ್ ಬಿಚ್ಚಿ ಬ್ಯಾಗಿಗೆ ಹಾಕಿ.

“ಕ್ಯಾಮೆರಾ ಬಿತ್ತು, ಫಿಲ್ಟರ್ ಒಡೀತು, ಲೆನ್ಸ್ ಉಳೀತು” ಅಂತಾರಲ್ಲ, ಆ ಕತೆ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಫಿಲ್ಟರ್ ತೆಳ್ಳಗಿನ ಗಾಜು, ಒಡೆಯೋದು ಸುಲಭ. ಲೆನ್ಸಿನ ಮುಂದಿನ ಗಾಜು ಅದಕ್ಕಿಂತ ಎಷ್ಟೋ ದಪ್ಪ. ಮೇಲಾಗಿ ಒಡೆದ ಚೂರುಗಳೇ ಲೆನ್ಸನ್ನ ಗೀರಬಹುದು. ಲೋಕಲ್‌ ರಶ್‌ನಲ್ಲಿ ಬೀಳೋ ಏಟಿಗೆ ಹುಡ್, ಅಂದ್ರೆ ಲೆನ್ಸ್ ತುದಿಗೆ ಹಾಕೋ ಕೊಳವೆಯಂಥ ಮರೆ, ಎಷ್ಟೋ ವಾಸಿ. ಅಡ್ಡ ಬೆಳಕನ್ನೂ ತಡೆಯುತ್ತೆ.

[ದೃಶ್ಯ: ಗಿರ್‌ಗಾಂವ್ ಚೌಪಾಟಿ, ಗಣಪತಿ ವಿಸರ್ಜನೆ, ಗುಲಾಲ್]

ಹಾಗಂತ ಎಸೆಯಬೇಡಿ. ವಿಸರ್ಜನೆಯ ಗುಲಾಲ್, ಮಳೆಗಾಲದ ಭರತದಲ್ಲಿ ಗೋಡೆ ಹಾರಿ ಬರೋ ಉಪ್ಪುನೀರು, ಜುಹೂ ಮರಳು, ಇಲ್ಲೆಲ್ಲ ಫಿಲ್ಟರ್ ಬೇಕೇ ಬೇಕು. ಉಪ್ಪು ಒಣಗಿದ ಮೇಲೆ ಅಂಗಿಯ ತುದಿಯಿಂದ ಒರೆಸೋ ಚಾಳಿ ನಮಗಿದೆ. ಗೀರು ಬೀಳೋದೇ ಆಗ. ಫಿಲ್ಟರನ್ನಾದರೆ ಬಿಚ್ಚಿ ನಲ್ಲಿ ನೀರಲ್ಲಿ ತೊಳೀಬಹುದು. ಕ್ಯಾನನ್ 17-40 ಎಂಎಂ ಎಫ್/4 ಎಲ್ ಥರದ ಕೆಲವು ಲೆನ್ಸ್‌ಗಳಿಗಂತೂ ಮುಂದೆ ಫಿಲ್ಟರ್ ಕೂತರೇನೇ ಧೂಳು, ಹನಿಗಳ ತಡೆ ಪೂರ್ತಿ ಆಗೋದು.

ಕೊಳ್ಳುವಾಗ ಲೆನ್ಸಿನ ಮುಂದೆ ಅಡ್ಡಗೀಟಿನ ಸೊನ್ನೆ ಪಕ್ಕದ ಅಂಕಿ ನೋಡಿ: 67, 77, 82, ಎಂಎಂನಲ್ಲಿ ಫಿಲ್ಟರಿನ ಅಳತೆ ಅದೇ. ಅಗಲ ನೋಟದ ವೈಡ್ ಲೆನ್ಸಿಗೆ ತೆಳು ರಿಂಗಿನದು ತಗೊಳ್ಳಿ, ಇಲ್ಲದಿದ್ದರೆ ಮೂಲೆ ಕಪ್ಪಾಗುತ್ತೆ. ದೂರದ್ದನ್ನ ಹತ್ತಿರ ತೋರಿಸೋ ದುಬಾರಿ ಟೆಲಿ ಲೆನ್ಸಿಗೆ ಅಗ್ಗದ ಗಾಜು ಮಾತ್ರ ಬೇಡ್ವೇ ಬೇಡ, ಚಿತ್ರದ ಚೂಪು ಹೋಗುತ್ತೆ.

[ದೃಶ್ಯ: ಕೈ, ಫಿಲ್ಟರ್, ರಬ್ಬರ್ ಬ್ಯಾಂಡ್]

ಇನ್ನು, ಸಿಕ್ಕಿಕೊಂಡ ಫಿಲ್ಟರ್. ಎರಡು ಬೆರಳಲ್ಲಿ ಹಿಂಡಿದರೆ ರಿಂಗ್ ಸೊಟ್ಟಾಗಿ ಇನ್ನಷ್ಟು ಬಿಗಿಯುತ್ತೆ. ಅಗಲದ ರಬ್ಬರ್ ಬ್ಯಾಂಡ್ ಸುತ್ತಿ, ಅಂಗೈ ತುಂಬ ಹಗುರವಾಗಿ ಹಿಡಿದು ತಿರುಗಿಸಿ. ಬರುತ್ತೆ.